ಮೈನಸ್ ಬೀಳದ ಮೊದಲ ಪ್ರಶ್ನೆ: ನನ್ನ ಅನುಭವ

ಪ್ರೋಗ್ರಾಮಿಂಗ್ ಪ್ರಶ್ನೆ ಕೇಳಿ ಉತ್ತರ ಪಡೆಯುವ ಸ್ಟ್ಯಾಕ್ ಓವರ್‌ಫ್ಲೋ ಜಾಲತಾಣದಲ್ಲಿ ಹೊಸಬರನ್ನು ಕಂಡರೆ ಆಗುವುದಿಲ್ಲ ಅನ್ನುವುದು ಬರೀ ಗಾಳಿಮಾತಲ್ಲ. ತಮ್ಮ ಜಾಗ ಹೊಸಬರಿಗೆ ಒರಟಾಗಿ ಕಾಣುತ್ತದೆ ಎಂದು ಆ ಕಂಪನಿಯವರೇ 2018ರ ಏಪ್ರಿಲ್‌ನಲ್ಲಿ ಬರೆದು ಒಪ್ಪಿಕೊಂಡರು, ಆಗಸ್ಟ್‌ನಲ್ಲಿ ಹೊಸ ನೀತಿಸಂಹಿತೆ ತಂದರು. ಹಾಗಿದ್ದೂ ಬಿಸಿಎ, ಡಿಪ್ಲೊಮಾ ಓದುವ ನಮ್ಮ ಹುಡುಗ ಹುಡುಗಿಯರಿಂದಲೇ ಅಲ್ಲಿ ಪ್ರಶ್ನೆ ಕೇಳಿಸಿ ಉತ್ತರ ತರಿಸುತ್ತೇನೆ ಅಂದಾಗ ಜೊತೆಗಾರರು ನಕ್ಕರು. ‘ಇಂಗ್ಲಿಷೇ ಸರಿಯಾಗಿ ಬರಲ್ಲ, ಹತ್ತು ನಿಮಿಷಕ್ಕೆ ಕ್ಲೋಸ್ ಮಾಡಿ ಕಳಿಸ್ತಾರೆ’ ಅನ್ನುವುದು ಅವರ ವಾದ. ಇಲ್ಲಿಯವರೆಗೆ ಸುಮಾರು 60 ಪ್ರಶ್ನೆ ಹಾಕಿಸಿದ್ದೇನೆ. ಮುಚ್ಚಿಹೋದದ್ದು, ಅಂದರೆ ಯಾರೂ ಉತ್ತರ ಬರೆಯದ ಹಾಗೆ ತಡೆದದ್ದು, ಹತ್ತಿರಹತ್ತಿರ ಹತ್ತು, ಅದರಲ್ಲಿ ಹೆಚ್ಚಿನವು ಮೊದಲ ಇಪ್ಪತ್ತರೊಳಗಿನವು. ಇಂಗ್ಲಿಷ್ ಕೆಟ್ಟದಾಗಿದೆ ಅನ್ನುವ ಕಾರಣಕ್ಕೆ ಮುಚ್ಚಿದ್ದು ನನಗೆ ನೆನಪಿರುವಂತೆ ಒಂದೂ ಇಲ್ಲ.

ಮೊದಲು ದುಡ್ಡು ಕಳೆದುಕೊಂಡ ಲೆಕ್ಕ. ಪ್ರಶ್ನೆಗೆ 100 ರೂಪಾಯಿಯಂತೆ ಕೊಟ್ಟು ಕೆಲಸದಲ್ಲಿರುವ ಇಬ್ಬರನ್ನು ಹೊಸಬರ ಸಹಾಯಕ್ಕೆ ಕೂರಿಸಿದ್ದೆ. ಪ್ರಶ್ನೆಯ ಲೆಕ್ಕದಲ್ಲಿ ದುಡ್ಡು ಕೊಟ್ಟರೆ ಏನಾಗುತ್ತದೆ? ಬೇಗ ಮುಗಿಸಲು ಅವರೇ ಪೂರ್ತಿ ಕೋಡ್ ಬರೆದು ಕೊಟ್ಟರು. ಮುಂದಿನ ವಾರ ಅದೇ ಹುಡುಗ, ಅದೇ ಪ್ರಶ್ನೆ, ಮತ್ತೆ 100 ರೂಪಾಯಿ. ಎಂಟೊಂಬತ್ತು ಸಾವಿರ ಕರಗಿದ ಮೇಲೆ ನಿಲ್ಲಿಸಿದೆ. ಪ್ರಶ್ನೋತ್ತರಕ್ಕೆ ನಮ್ಮದೇ ಸರ್ವರ್ ಇರಲಿ ಅಂತ ತಿಂಗಳಿಗೆ 500ರ ಹತ್ತಿರ ಕೊಟ್ಟು ಬಾಡಿಗೆಗೆ ಹಿಡಿದದ್ದೂ ನೀರಿಗೆ ಹಾಕಿದ ಹಾಗೇ ಆಯಿತು. ಯಾರೂ ಅಲ್ಲಿಗೆ ಬರಲಿಲ್ಲ, ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲೇ ಇದ್ದರು.

ವಾಟ್ಸ್‌ಆ್ಯಪ್‌ನದು ಇನ್ನೊಂದು ರಗಳೆ. ಕೋಡನ್ನು ಹಾಗೇ ಅಂಟಿಸಿದರೆ ನಕ್ಷತ್ರ ಮತ್ತು ಅಂಡರ್‌ಸ್ಕೋರ್ ಚಿಹ್ನೆಗಳನ್ನು ಅದು ದಪ್ಪಕ್ಷರ, ಓರೆ ಅಕ್ಷರದ ಗುರುತು ಅಂದುಕೊಂಡು ನುಂಗುತ್ತದೆ. ಫೋನಿನಲ್ಲಿ ಟೈಪಿಸಿದರೆ ನೇರ ಕೋಟ್ ಹೋಗಿ ಬಾಗಿದ ಕೋಟ್ ಬರಬಹುದು, ಪೈಥಾನ್ ಅದನ್ನು ಒಪ್ಪುವುದಿಲ್ಲ. ಆಗ ಮೂಲ ತಪ್ಪು ಯಾವುದು, ದಾರಿಯಲ್ಲಿ ಸೇರಿದ್ದು ಯಾವುದು ಅನ್ನುವುದೇ ಗೊತ್ತಾಗುವುದಿಲ್ಲ. ಈಗ ನನ್ನ ಗುಂಪಿನಲ್ಲಿ ಕೋಡ್ ಬಂದರೆ ಗಿಟ್‌ಹಬ್ ಗಿಸ್ಟ್‌ನ (ಕೋಡನ್ನು ಇದ್ದ ಹಾಗೇ ಇಟ್ಟು ಹಂಚುವ ಜಾಗ) ಕೊಂಡಿಯಾಗಿಯೇ ಬರಬೇಕು. ಪರದೆಯ ಫೋಟೊ ಕಳಿಸಿದವರಿಗೆ ಉತ್ತರವಿಲ್ಲ.

ಕೊನೆಗೆ ಕೆಲಸಕ್ಕೆ ಬಂದ ಕ್ರಮ ಇದು. ಪ್ರಶ್ನೆಯನ್ನು ಮೊದಲು ಕನ್ನಡದಲ್ಲೇ, ಒಂದು ನಿಮಿಷದೊಳಗಿನ ವಾಯ್ಸ್ ನೋಟ್‌ನಲ್ಲಿ ಹೇಳಿಸುತ್ತೇನೆ. ಏನು ಕೊಟ್ಟೆ, ಏನು ಬರಬೇಕಿತ್ತು, ಏನು ಬಂತು. ಈ ಮೂರು ಬಿಟ್ಟರೆ ಬೇರೆ ಮಾತು ಬೇಡ. ‘ಆಗ್ತಾ ಇಲ್ಲ ಸಾರ್’ ಅನ್ನುವ ಪದ ಬಂದರೆ ಮತ್ತೆ ಹೇಳಬೇಕು. ಕನ್ನಡದಲ್ಲೇ ಈ ಮೂರನ್ನು ಬಿಡಿಸಿ ಹೇಳಲಾಗದಿದ್ದರೆ ಇಂಗ್ಲಿಷಿನಲ್ಲಿ ಎಲ್ಲಿಂದ ಬರಬೇಕು? ಹಿಂದೆ ನಾನೇ ಅವರ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬರೆದು ಕೊಡುತ್ತಿದ್ದೆ. ನೋಡಲು ಚೆನ್ನಾಗಿರುತ್ತಿತ್ತು, ಆದರೆ ಯಾರಾದರೂ ಕೆಳಗೆ ಒಂದು ಮರುಪ್ರಶ್ನೆ ಹಾಕಿದರೆ ಕೇಳಿದವನಿಗೆ ಉತ್ತರಿಸಲು ಬಾರದು. ಆ ಪ್ರಶ್ನೆಗಳು ಅಲ್ಲೇ ಸತ್ತವು.

ಆಮೇಲೆ ಕತ್ತರಿ. 200 ಸಾಲಿನ ಪ್ರೋಗ್ರಾಂ ಇದ್ದರೆ ಅರ್ಧ ಅಳಿಸಿ ಓಡಿಸಿ. ತಪ್ಪು ಇನ್ನೂ ಬರುತ್ತಿದೆಯೇ? ಉಳಿದದ್ದರಲ್ಲಿ ಮತ್ತೆ ಅರ್ಧ ಅಳಿಸಿ. ಬರದಿದ್ದರೆ ಅಳಿಸಿದ್ದನ್ನು ವಾಪಸ್ ತಂದು ಇನ್ನೊಂದು ಅರ್ಧ ತೆಗೆಯಿರಿ. 20-25 ಸಾಲಿಗೆ ಇಳಿಯುವ ತನಕ ಬಿಡಬಾರದು. ಡೇಟಾಬೇಸ್, ಲಾಗಿನ್ ಪುಟ, ಕಾಲೇಜಿನ ಹೆಸರಿರುವ ಕಮೆಂಟು ಎಲ್ಲ ಹೋಗಬೇಕು. ಓದಿಕೊಳ್ಳಬೇಕಾದ ಕಡತ ಇದ್ದರೆ ಅದರ ಮೂರು ಸಾಲನ್ನು ಕೋಡಿನೊಳಗೇ ಸ್ಟ್ರಿಂಗ್ ಆಗಿ ಬರೆಯಿರಿ. ಪಾಂಡಾಸ್ (ಕೋಷ್ಟಕಗಳಿಗೆ ಬಳಸುವ ಪೈಥಾನ್ ಲೈಬ್ರರಿ) ಆದರೆ ಮೊದಲ ಐದು ಸಾಲನ್ನು ಪೈಥಾನ್ ಡಿಕ್ಷನರಿ ಮಾಡಿ ಅಂಟಿಸಿ, ಉತ್ತರಿಸುವವನು ನಕಲು ಮಾಡಿ ಓಡಿಸಿದರೆ ಅದೇ ತಪ್ಪು ಅವನ ಕಣ್ಣೆದುರೂ ಬರಬೇಕು. ಹೊಸ ಫೋಲ್ಡರ್‌ನಲ್ಲಿ ಒಮ್ಮೆ ನೀವೇ ಓಡಿಸಿ ನೋಡಿ, ಅರ್ಧ ಜನ ಇಂಪೋರ್ಟ್ ಸಾಲನ್ನೇ ಮರೆತಿರುತ್ತಾರೆ. ಕತ್ತರಿಸುವ ಹೊತ್ತಿಗೇ ಮೂರರಲ್ಲಿ ಎರಡು ಪ್ರಶ್ನೆಗೆ ಅವರಿಗೇ ಉತ್ತರ ಸಿಗುತ್ತದೆ. ನಾನು ಹೇಳಿದ 60 ಅಂದರೆ ಈ ಜರಡಿಯಲ್ಲಿ ಉಳಿದವು.

ಅದೇ ಪ್ರಶ್ನೆಯನ್ನು ಮೊದಲೇ ಯಾರಾದರೂ ಕೇಳಿದ್ದಾರೆಯೇ ಎಂದು ಹುಡುಕುವುದರಲ್ಲೂ ಹೊಸಬರು ಎಡವುತ್ತಾರೆ. ಪೈಥಾನ್ ಆದರೆ ದೋಷಸಂದೇಶದ ಕೊನೆಯ ಸಾಲು, ಜಾವಾ ಆದರೆ ‘ಕಾಸ್ಡ್ ಬೈ’ ಎಂದು ಬರುವವುಗಳಲ್ಲಿ ಕಡೆಯದು. ಅದರೊಳಗಿನ ನಿಮ್ಮ ಕಡತದ ಹೆಸರು, ಹಾದಿ, ಸಾಲಿನ ಸಂಖ್ಯೆ ತೆಗೆದು ಉಳಿದದ್ದನ್ನು ಕೋಟ್ ಒಳಗಿಟ್ಟು ಹುಡುಕಬೇಕು. ಜಾವಾ ಸ್ಕ್ಯಾನರ್‌ನಲ್ಲಿ ನೆಕ್ಸ್ಟ್‌ಇಂಟ್ ಆದ ಮೇಲೆ ನೆಕ್ಸ್ಟ್‌ಲೈನ್ ಖಾಲಿ ಬರುವುದು, 0.1 ಕ್ಕೆ 0.2 ಕೂಡಿಸಿದರೆ 0.3 ಬಾರದಿರುವುದು, ನಲ್ ಪಾಯಿಂಟರ್, ಪೈಥಾನ್ ಫಂಕ್ಷನ್‌ನ ಡೀಫಾಲ್ಟ್ ಲಿಸ್ಟ್ ಹಳೆಯದನ್ನು ನೆನಪಿಟ್ಟುಕೊಳ್ಳುವುದು. ಇವೆಲ್ಲ ಹಿಂದೆಯೇ ಕೇಳಿ ಉತ್ತರ ಸಿಕ್ಕವು, ಮತ್ತೆ ಕೇಳಿದರೆ ಡೂಪ್ಲಿಕೇಟ್ ಎಂದು ಮುಚ್ಚುತ್ತಾರೆ. ಹೊಸಬರು ಅದನ್ನು ಕಪಾಳಮೋಕ್ಷ ಅಂದುಕೊಳ್ಳುತ್ತಾರೆ, ನಿಜಕ್ಕೂ ಮೇಲುಗಡೆ ಅವರಿಗೆ ಬೇಕಾದ ಉತ್ತರದ ಕೊಂಡಿಯೇ ಇರುತ್ತದೆ.

ಒರಟುತನ ಎಂದು ಕಾಣುವುದರಲ್ಲಿ ದೊಡ್ಡ ಪಾಲು ಮನುಷ್ಯರದ್ದಲ್ಲ, ಯಂತ್ರದ್ದು. ಖಾತೆ ತೆರೆದಾಗ ರೆಪ್ಯುಟೇಶನ್, ಅಂದರೆ ಅಲ್ಲಿ ಗಳಿಸುವ ಅಂಕ, 1. ಬೇರೆಯವರ ಪೋಸ್ಟಿನ ಕೆಳಗೆ ಕಮೆಂಟ್ ಹಾಕಲು 50 ಬೇಕು. ಹಾಗಾಗಿ ಹೊಸಬ ‘ನನಗೂ ಇದೇ ತೊಂದರೆ’ ಎಂದು ಉತ್ತರದ ಪೆಟ್ಟಿಗೆಯಲ್ಲಿ ಬರೆಯುತ್ತಾನೆ, ಬೇರೆ ಪೆಟ್ಟಿಗೆಯೇ ಅವನಿಗೆ ತೆರೆದಿಲ್ಲ. ಅದು ಅಳಿಸಿಹೋಗುತ್ತದೆ, ಅವನಿಗೆ ಅವಮಾನ. ಪ್ರಶ್ನೆಯ ಮೊದಲಿಗೆ ‘ಹಾಯ್’ ಬರೆದರೆ ತಂತ್ರಾಂಶವೇ ಕಿತ್ತುಹಾಕುತ್ತದೆ. ರಜಾಚೀಟಿಯ ಧಾಟಿಯಲ್ಲಿ ‘ರೆಸ್ಪೆಕ್ಟೆಡ್ ಸರ್’ ಎಂದು ಶುರುಮಾಡಿ ‘ಥ್ಯಾಂಕಿಂಗ್ ಯೂ’ ಎಂದು ಮುಗಿಸಲು ಕಲಿತವರು ನಾವು. ಅದನ್ನು ಯಾರೋ ಎಡಿಟ್ ಮಾಡಿ ತೆಗೆದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ ಅನ್ನಿಸುತ್ತದೆ. ಇದನ್ನೆಲ್ಲ ಮೊದಲೇ ಹೇಳಿಬಿಟ್ಟರೆ ಅರ್ಧ ಬೇಸರ ಹುಟ್ಟುವುದೇ ಇಲ್ಲ. ಹಾಗಂತ ವ್ಯಂಗ್ಯ ಮಾಡುವವರು ಇಲ್ಲವೇ ಇಲ್ಲ ಅಂತಲ್ಲ, ಇದ್ದಾರೆ. ಅವರಿಗೆ ಉತ್ತರ ಬರೆಯದೆ ದೂರು ಕೊಡುವ ಫ್ಲ್ಯಾಗ್ ಒತ್ತಿ ಮುಂದೆ ಹೋಗಲು ಹೇಳಿದ್ದೇನೆ.

ಹಾಗಾಗಿ ಪ್ರಶ್ನೆ ಕೇಳುವ ಮೊದಲು ಅವರ ರೆಪ್ಯುಟೇಶನ್ 50 ದಾಟಿಸುತ್ತೇನೆ. ಬೇರೆಯವರ ಪೋಸ್ಟ್‌ಗಳಿಗೆ ತಿದ್ದುಪಡಿ ಸೂಚಿಸಿದರೆ ಒಪ್ಪಿಗೆಯಾದ ಪ್ರತಿಯೊಂದಕ್ಕೂ 2 ಅಂಕ, ಮೊದಲಿನ 1 ಸೇರಿ 25 ಒಪ್ಪಿಗೆಗೆ 51. ಎರಡು ಮೂರು ವಾರ ಹಿಡಿಯುತ್ತದೆ. ಒಂದು ಕಾಮಾ ಸರಿಮಾಡಿ ಬಿಟ್ಟರೆ ನಿರಾಕರಿಸುತ್ತಾರೆ, ನಿರಾಕರಣೆ ಹೆಚ್ಚಾದರೆ ಸ್ವಲ್ಪ ದಿನ ತಡೆಯೂ ಬೀಳುತ್ತದೆ. ಕೋಡಿನ ಇಂಡೆಂಟ್, ಶೀರ್ಷಿಕೆ, ಟ್ಯಾಗ್ (ವಿಷಯ ತಿಳಿಸುವ ಗುರುತು) ಮೂರನ್ನೂ ಒಟ್ಟಿಗೆ ಸರಿಮಾಡಿದರೆ ದಾಟುತ್ತದೆ. ಯಾವ ಪೋಸ್ಟ್‌ಗಳನ್ನು ಆರಿಸಿಕೊಂಡರೆ ನೂರಕ್ಕೆ ತೊಂಬತ್ತು ಒಪ್ಪಿಗೆಯಾಗುತ್ತದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ, ಹೇಳಿದರೆ ನಾಳೆಯಿಂದ ಅಲ್ಲೂ ನೂಕುನುಗ್ಗಲು. ಇಪ್ಪತ್ತೈದು ಕೆಟ್ಟ ಪ್ರಶ್ನೆ ತಿದ್ದಿದವರು ತಾವು ಕೆಟ್ಟ ಪ್ರಶ್ನೆ ಕೇಳುವುದು ಕಡಿಮೆ. ಇದು ನಾನು ಲೆಕ್ಕಕ್ಕೇ ಇಟ್ಟುಕೊಳ್ಳದ ಲಾಭ.

ಟ್ಯಾಗ್‌ನಲ್ಲಿ ಜಿಪುಣರಾಗಿ. ಒಂದು ಭಾಷೆ, ಒಂದು ಲೈಬ್ರರಿ, ಸಾಕು. ಜಾವಾ ಜೊತೆ ಜಾವಾಸ್ಕ್ರಿಪ್ಟ್, ಸಿ ಜೊತೆ ಸಿ ಪ್ಲಸ್ ಪ್ಲಸ್ ಹಾಕಿದರೆ ಒಳಗಿನ ಪ್ರಶ್ನೆ ಓದುವ ಮೊದಲೇ ಮೈನಸ್ (ವಿರೋಧ ಮತ) ಬೀಳುತ್ತದೆ. ಶೀರ್ಷಿಕೆಯಲ್ಲಿ ‘ಅರ್ಜೆಂಟ್’ ಬೇಡ. ಪ್ರಶ್ನೆ ಹಾಕುವ ಹೊತ್ತು ನಮ್ಮ ಸಂಜೆ ಏಳೂವರೆಯಿಂದ ಒಂಬತ್ತು, ಆಗ ಯುರೋಪಿನಲ್ಲಿ ಮಧ್ಯಾಹ್ನ, ಅಮೆರಿಕದ ಪೂರ್ವ ಭಾಗದಲ್ಲಿ ಬೆಳಿಗ್ಗೆ. ಹಾಕಿದ ಮೇಲೆ ಒಂದು ಗಂಟೆ ಕುರ್ಚಿ ಬಿಡಬಾರದು. ಯಾರಾದರೂ ‘ವರ್ಷನ್ ಯಾವುದು’ ಅಂದರೆ ಕಮೆಂಟಿನಲ್ಲಿ ಹೇಳಿ ಸುಮ್ಮನಾಗದೆ ಪ್ರಶ್ನೆಯೊಳಗೇ ತಿದ್ದಿ ಸೇರಿಸಬೇಕು. ಊಟಕ್ಕೆ ಎದ್ದುಹೋದವರ ಪ್ರಶ್ನೆಗಳೇ ನನ್ನ ಲೆಕ್ಕದಲ್ಲಿ ಹೆಚ್ಚು ಮುಚ್ಚಿದ್ದು. ಮುಚ್ಚಲು ಮೂರು ಮತ ಸಾಕು, 2019ಕ್ಕೆ ಮೊದಲು ಐದು ಬೇಕಿತ್ತು.

ನಡುವೆ ಒಂದು ಪ್ರಯೋಗ ಮಾಡಿದೆ. ಚಾಟ್‌ಜಿಪಿಟಿಗೆ ಉತ್ತರ ಕೇಳದೆ, ‘ಈ ಪ್ರಶ್ನೆಯಲ್ಲಿ ಏನು ಬಿಟ್ಟುಹೋಗಿದೆ’ ಎಂದಷ್ಟೇ ಕೇಳಿಸಿದೆ. ಬಿಟ್ಟದ್ದನ್ನು ಚೆನ್ನಾಗಿ ಹಿಡಿಯುತ್ತದೆ. ಪ್ರಶ್ನೆಯನ್ನೇ ತಿದ್ದಿಕೊಡು ಅಂದಿರೋ, ನಮ್ಮಲ್ಲಿ ಇಲ್ಲದ ವರ್ಷನ್ ಸಂಖ್ಯೆಯನ್ನು ತಾನೇ ಸೇರಿಸಿಬಿಡುತ್ತದೆ. ಹಾಗೆ ಎರಡು ಪ್ರಶ್ನೆ ಕೆಟ್ಟವು. ಅದರ ಉತ್ತರವನ್ನು ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಅಂಟಿಸುವುದಕ್ಕೆ 2022ರ ಡಿಸೆಂಬರ್‌ನಿಂದಲೇ ನಿಷೇಧವಿದೆ, ಆ ಕಡೆ ಹೋಗಬೇಡಿ. ಯಾವ ಭಾಷೆ ಕಲಿಯಲಿ, ಯಾವ ಫ್ರೇಮ್‌ವರ್ಕ್ ಒಳ್ಳೆಯದು ಅನ್ನುವ ಪ್ರಶ್ನೆಗಳಿಗೆ ಅಲ್ಲಿ ಬಹುಕಾಲ ಜಾಗವೇ ಇರಲಿಲ್ಲ, ಅಭಿಪ್ರಾಯದ್ದು ಎಂದು ಮುಚ್ಚುತ್ತಿದ್ದರು. ಅವನ್ನು ರೆಡ್ಡಿಟ್‌ನ ಕಲಿಯುವವರ ಗುಂಪುಗಳಿಗೆ ಕಳಿಸುತ್ತೇನೆ.

ಮೈನಸ್ ಬಿದ್ದರೆ ಮೊದಲು ಕೈ ಹೋಗುವುದು ಡಿಲೀಟ್ ಕಡೆಗೆ. ಅದೇ ದೊಡ್ಡ ತಪ್ಪು. ಅಳಿಸಿದ ಪ್ರಶ್ನೆಗಳೂ ಖಾತೆಯ ಲೆಕ್ಕದಲ್ಲಿ ಉಳಿಯುತ್ತವೆ, ಹಾಗೆ ನಾಲ್ಕೈದು ಸೇರಿದರೆ ಪ್ರಶ್ನೆ ಕೇಳುವುದಕ್ಕೇ ತಡೆ ಬೀಳಬಹುದು. ಬದಲಿಗೆ ಆ ರಾತ್ರಿಯೇ ಕುಳಿತು ಕೋಡನ್ನು ಇನ್ನಷ್ಟು ಕತ್ತರಿಸಿ, ಬಿಟ್ಟದ್ದನ್ನು ಸೇರಿಸಿ ತಿದ್ದಬೇಕು. ಮುಚ್ಚಿದ್ದರೂ ತಿದ್ದಿದ ಮೇಲೆ ಮರುಪರಿಶೀಲನೆಯ ಸಾಲಿಗೆ ಹೋಗುವ ಅವಕಾಶವಿದೆ. ನಮ್ಮವು ಮೂರು ಹಾಗೆ ಮತ್ತೆ ತೆರೆದವು. ಒಂದಕ್ಕೆ ಉತ್ತರ ಬರಲು ಹನ್ನೊಂದು ದಿನ ಹಿಡಿಯಿತು, ಅಷ್ಟರಲ್ಲಿ ಕೇಳಿದ ಹುಡುಗಿ ತಾನೇ ಪರಿಹಾರ ಕಂಡುಕೊಂಡು ಅದನ್ನೇ ಉತ್ತರವಾಗಿ ಬರೆದಿದ್ದಳು.