‘ಸ್ಟೇಟ್‌ಬ್ಯಾಂಕ್’ ಎನ್ನುವಾಗ ನಾಲಿಗೆ ಎಲ್ಲಿರಬೇಕು?

‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್!’ ಮಂಗಳೂರಿನ ಸಿಟಿ ಬಸ್ಸುಗಳ ಬಾಗಿಲಲ್ಲಿ ದಿನವಿಡೀ ಕೇಳುವ ಕೂಗು. ಅದು ಅಲ್ಲಿನ ಬಸ್ ನಿಲ್ದಾಣದ ಹೆಸರು. ಇಂಗ್ಲಿಷಿನ ಸಿಲೆಬಲ್, ಅಂದರೆ ಒಂದು ಸ್ವರದ ಸುತ್ತ ಒಟ್ಟಿಗೆ ಉಚ್ಚರಿಸುವ ಪದದ ತುಂಡು, ಬಾಯಲ್ಲಿ ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ಈ ಕೂಗೇ ಸಾಕು. ಇದರಲ್ಲಿರುವುದು ಎರಡೇ ಸಿಲೆಬಲ್. ಕನ್ನಡಿಯೊಂದನ್ನು ಹಿಡಿದು ಕುಳಿತುಕೊಳ್ಳಿ.

ಮೊದಲು ‘ಸ್’. ಮೇಲ್ಹಲ್ಲಿನ ಹಿಂದೆ ವಸಡು ಉಬ್ಬಿದ ಜಾಗವಿದೆಯಲ್ಲ, ನಾಲಿಗೆಯ ತುದಿ ಅದರ ಹತ್ತಿರ ಬರಲಿ, ತಾಗುವುದು ಬೇಡ. ಸಂದಿಯಲ್ಲಿ ಗಾಳಿ ಸುಯ್ಯೆಂದು ಹೋಗಬೇಕು. ಮುಂದೆ ‘ಇ’ ಸೇರಿಸಿ ‘ಇಸ್ಟೇಟ್’ ಎಂದರೆ ಸಿಲೆಬಲ್ ಒಂದು ಹೆಚ್ಚಾಗಿಬಿಡುತ್ತದೆ.

ತುದಿಯನ್ನು ಅಲ್ಲೇ ಒತ್ತಿ ಗಾಳಿ ತಡೆದರೆ ಇಂಗ್ಲಿಷಿನ ‘ಟ್’. ನಮ್ಮ ‘ತ’ಕ್ಕೆ ನಾಲಿಗೆ ಹಲ್ಲು ಮುಟ್ಟುತ್ತದೆ, ‘ಟ’ಕ್ಕೆ ಹಿಂದೆ ಮಡಚಿಕೊಳ್ಳುತ್ತದೆ. ಇಂಗ್ಲಿಷಿನದು ಇವೆರಡರ ನಡುವೆ. ಈಗ ಅಂಗೈಯನ್ನು ಬಾಯಿಯ ಮುಂದೆ ಹಿಡಿಯಿರಿ. ಇಂಗ್ಲೆಂಡಿನವರು ‘ಟೇಕ್’ ಎಂದಾಗ ಗಾಳಿ ಅಂಗೈಗೆ ಬಡಿಯುತ್ತದೆ, ಹೆಚ್ಚುಕಡಿಮೆ ನಮ್ಮ ‘ಠ’ದ ಹಾಗೆ. ‘ಸ್ಟೇಟ್’ನ ಮೊದಲ ‘ಟ್’ಗೆ ಬಡಿಯುವುದಿಲ್ಲ, ಹಿಂದೆ ‘ಸ್’ ಇದೆ.

ನಮ್ಮ ‘ಏ’ ಒಂದೇ ಕಡೆ ನಿಲ್ಲುವ ಸ್ವರ. ಇಂಗ್ಲಿಷಿನದು ‘ಎ’ಯಿಂದ ಹೊರಟು ‘ಇ’ಯತ್ತ ಜಾರುತ್ತದೆ. ಹಾಗೆ ಜಾರುವಾಗ ದವಡೆ ಮೇಲೇರುವುದನ್ನು ಕನ್ನಡಿಯಲ್ಲಿ ನೋಡಿ.

‘ಬ್ಯಾಂಕ್’ನಲ್ಲಿ ತುಟಿ ಮುಚ್ಚಿ ತೆರೆಯುವುದು ಸುಲಭ, ಸ್ವರವೇ ಕಷ್ಟ. ನಾವು ‘ಬ್ಯಾ’ ಎಂದು ಬರೆದರೂ ಇಂಗ್ಲಿಷಿನಲ್ಲಿ ಅಲ್ಲಿ ‘ಯ’ ಇಲ್ಲ. ತುಳು ಮನೆಮಾತಿನವರಿಗೆ ದಾರಿ ಗೊತ್ತೇ ಇದೆ. ‘ಆಯೆ ಬರ್ಪೆ’ (ಅವನು ಬರುತ್ತಾನೆ) ಎಂದು ಹೇಳಿ, ಆಮೇಲೆ ‘ಯಾನ್ ಬರ್ಪೆ’ (ನಾನು ಬರುತ್ತೇನೆ) ಎಂದು ಹೇಳಿ. ಎರಡನೆಯದರ ಕೊನೆಯ ‘ಎ’ಗೆ ಬಾಯಿ ಹೆಚ್ಚು ಅಗಲವಾಗುತ್ತದೆ. ಅಲ್ಲಿಂದ ದವಡೆಯನ್ನು ಇನ್ನಷ್ಟು ಇಳಿಸಿದರೆ ‘ಬ್ಯಾಂಕ್’ನ ಸ್ವರದ ಹತ್ತಿರ ಬಂದಿರಿ. ತುಳು ಮಾತಾಡುವ ಮಕ್ಕಳ ಇಂಗ್ಲಿಷ್ ಕೆಡುತ್ತದೆ ಎನ್ನುವವರು ಇದನ್ನೊಮ್ಮೆ ಹೇಳಿ ನೋಡಬೇಕು.

ಕೊನೆಯ ‘ಂಕ್’ ಕನ್ನಡದ ‘ಅಂಕ’ದಲ್ಲೇ ಇದೆ. ನಾಲಿಗೆಯ ಹಿಂಭಾಗ ಮೇಲೆ ಅಂಟಿಕೊಂಡೇ ಇರುತ್ತದೆ, ಮೂಗಿನ ದಾರಿ ಮಾತ್ರ ಮುಚ್ಚುತ್ತದೆ. ಕನ್ನಡದ ಬಾಯಿಗೆ ಕೊನೆಯಲ್ಲೊಂದು ಸ್ವರ ಬೇಕೆನಿಸಿ ‘ಬ್ಯಾಂಕು’ ಎಂದುಬಿಡುತ್ತದೆ. ಆ ‘ಉ’ ಬರುವ ಮೊದಲೇ ನಿಲ್ಲಿಸಿ. ಅಭ್ಯಾಸ ಬೇಕಾಗುವುದು ಇಲ್ಲೇ.

ಸರಿಯಾಯಿತೇ ಎಂದು ನೋಡಲು ಗದ್ದದ ಕೆಳಗೆ ಅಂಗೈ ಇಟ್ಟು ಪೂರ್ತಿ ಪದವನ್ನು ನಿಧಾನವಾಗಿ ಹೇಳಿ. ಗದ್ದ ಎರಡೇ ಸಲ ಕೆಳಗಿಳಿಯಬೇಕು.