ಹವಳದ ಮುಂದೆ ಕ್ಯಾಮೆರಾ ಎತ್ತುವ ಮೊದಲು

ಹವಳದ ದಿಬ್ಬದ ಬಳಿ ಮೊದಲ ಸಲ ಕ್ಯಾಮೆರಾ ಹಿಡಿದು ಇಳಿದವರನ್ನು ತುಂಬ ನೋಡಿದ್ದೇನೆ. ಮೀನು ಕಂಡ ಕೂಡಲೇ ಎರಡೂ ಕೈ ಕ್ಯಾಮೆರಾಕ್ಕೆ ಹೋಗುತ್ತವೆ. ಗೊತ್ತಿಲ್ಲದೆ ಉಸಿರು ಬಿಗಿಹಿಡಿಯುತ್ತಾರೆ. ಮೈ ಮೇಲಕ್ಕೆ ತೇಲುತ್ತದೆ. ಗಾಬರಿಯಲ್ಲಿ ಕಾಲು ಬಡಿಯುತ್ತಾರೆ. ಹಿಂದೆ ಪಾದಕ್ಕೆ ಹಾಕಿದ ಈಜುರೆಕ್ಕೆಯ, ಅಂದರೆ ಫಿನ್ನಿನ, ತುದಿ ತಾಗಿ ಹವಳದ ಕೊಂಬೆಯೊಂದು ಟಕ್ ಅಂತ ಮುರಿಯುತ್ತದೆ. ಫೋಟೊ ತೆಗೆದವರಿಗೆ ಅದು ಗೊತ್ತೇ ಆಗುವುದಿಲ್ಲ. ಬಂಡೆಯಂತೆ ಗುಂಡಗಿರುವ ಎಷ್ಟೋ ಹವಳಗಳು ವರ್ಷಕ್ಕೆ 1 ಸೆಂ.ಮೀ. ಆಸುಪಾಸು ಬೆಳೆದರೆ ಹೆಚ್ಚು. ಆ ಲೆಕ್ಕ ನೆನಪಿದ್ದರೆ ಈ ಕೆಲಸಕ್ಕೆ ಅವಸರ ಮಾಡಬೇಕು ಅನ್ನಿಸುವುದಿಲ್ಲ.

ಡೈವಿಂಗ್ ತರಬೇತಿ ಮುಗಿಸಿ, ಕ್ಯಾಮೆರಾ ಇಲ್ಲದೆ ಕನಿಷ್ಠ 25 ಸಲವಾದರೂ ಇಳಿದಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

1. ಹೌಸಿಂಗ್ ಮುಚ್ಚುವುದು. ಕ್ಯಾಮೆರಾ ಒಳಗಿಡುವ ಗಟ್ಟಿ ಪೆಟ್ಟಿಗೆಯೇ ಹೌಸಿಂಗ್. ನೀರನ್ನು ತಡೆಯುವುದು ಅದರ ಅಂಚಿನ ಓ-ರಿಂಗ್ ಎಂಬ ರಬ್ಬರ್ ಬಳೆ. ಅದನ್ನು ಬೆರಳ ನಡುವೆ ನಿಧಾನ ಎಳೆದು ನೋಡಿ. ಒಂದು ತಲೆಗೂದಲು, ಒಂದು ಮರಳಿನ ಕಣ ಕೂತಿದ್ದರೂ ನೀರು ಒಳಗೆ ಬರುತ್ತದೆ. ಗ್ರೀಸ್ ಹೊಳೆಯುವಷ್ಟು ಸವರಿದರೆ ಸಾಕು. ಜಾಸ್ತಿ ಹಚ್ಚಿದರೆ ಕಸ ಅಂಟುತ್ತದೆ. ಹೊಸ ಹೌಸಿಂಗನ್ನು ಮೊದಲು ಖಾಲಿಯಾಗಿಯೇ ನೀರಿಗಿಳಿಸಿ ಪರೀಕ್ಷಿಸಿ. ಫೋನ್ ಹಾಕುವ ಪ್ಲಾಸ್ಟಿಕ್ ಚೀಲಗಳನ್ನಂತೂ ಡೈವಿಂಗಿಗೆ ಕೊಳ್ಳಲೇಬೇಡಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ. ಚೀಲ ಪರದೆಗೆ ಅಂಟಿಕೊಂಡು ಟಚ್ ಕೆಲಸವನ್ನೇ ಮಾಡುವುದಿಲ್ಲ.

2. ತೇಲುವುದು. ಎಲ್ಲರೂ ಸೋಲುವುದು ಇಲ್ಲೇ. ಮುಳುಗಬಾರದು, ಏಳಬಾರದು, ನೀರಿನ ನಡುವೆ ತೂಗಿಬಿಟ್ಟ ಹಾಗೆ ನಿಲ್ಲಬೇಕು.

ಮುಳುಗಲು ಬೆಲ್ಟಿಗೆ ಸಿಕ್ಕಿಸುವ ಸೀಸದ ತೂಕದಿಂದ ಶುರು ಮಾಡಿ. ಉಸಿರಾಟದ ಗಾಳಿಯ ಸಿಲಿಂಡರ್ ಸುಮಾರು 50 ಬಾರ್‌ಗೆ (ಬಾರ್ ಅಂದರೆ ಒತ್ತಡದ ಅಳತೆ) ಇಳಿದಿರುವಾಗ ನೀರಿನ ಮೇಲೆ ನೆಟ್ಟಗೆ ನಿಂತು, ತೇಲಲು ಗಾಳಿ ತುಂಬುವ ಜಾಕೆಟ್ಟಿನ ಗಾಳಿಯನ್ನೆಲ್ಲ ಬಿಡಿ. ಸಹಜ ಉಸಿರು ಒಳಗಿರುವಾಗ ನೀರು ಕಣ್ಣಿನ ಮಟ್ಟಕ್ಕಿರಬೇಕು. ಉಸಿರು ಬಿಟ್ಟಾಗ ನಿಧಾನ ಮುಳುಗಬೇಕು. ತುಂಬಿದ ಸಿಲಿಂಡರಿನಲ್ಲಿ ಈ ಪರೀಕ್ಷೆ ಮಾಡಿದರೆ ಮೋಸ ಹೋಗುತ್ತೀರಿ, ಯಾಕೆಂದರೆ ಗಾಳಿಗೂ ತೂಕ ಇದೆ. ಡೈವ್ ಮುಗಿಯುವಷ್ಟರಲ್ಲಿ ಸಿಲಿಂಡರ್ 2 ಕೆ.ಜಿ.ಯಷ್ಟು ಹಗುರವಾಗಿರುತ್ತದೆ. ಬೇಗ ಮುಳುಗಲಿ ಎಂದು ಬೆಲ್ಟಿಗೆ ಎರಡು ತುಂಡು ಸೀಸ ಹೆಚ್ಚು ಸಿಕ್ಕಿಸುವ ಅಡ್ಡದಾರಿಯೊಂದಿದೆ. ಬೇಡ. ಆ ಭಾರ ಸರಿದೂಗಿಸಲು ಜಾಕೆಟ್ಟಿಗೆ ಹೆಚ್ಚು ಗಾಳಿ ತುಂಬಬೇಕಾಗುತ್ತದೆ. ಎದೆ ಮೇಲೇಳುತ್ತದೆ, ಕಾಲು ಕೆಳಗಿಳಿಯುತ್ತದೆ, ಫಿನ್ ನೇರ ಹವಳದ ಮೇಲೆ.

ತೂಕ ಸರಿಯಾದ ಮೇಲೆ ಉಳಿದ ಕೆಲಸ ಉಸಿರಿನದು. ನಿಧಾನ ಒಳಗೆಳೆದುಕೊಂಡರೆ ಮೈ ಸ್ವಲ್ಪ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಆದರೆ ತಕ್ಷಣ ಅಲ್ಲ, ಒಂದೆರಡು ಸೆಕೆಂಡ್ ತಡವಾಗಿ. ಆ ತಡವನ್ನು ಕಾಯದವರು ಜಾಕೆಟ್ಟಿಗೆ ಗಾಳಿ ತುಂಬುವ, ಬಿಡುವ ಗುಂಡಿಯನ್ನು ಸುಮ್ನೆ ಒತ್ತುತ್ತಲೇ ಇರುತ್ತಾರೆ. ಹವಳವಿಲ್ಲದ ಮರಳಿನ ಜಾಗಕ್ಕೆ ಹೋಗಿ. ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ನೆಲದಿಂದ ಎರಡಡಿ ಮೇಲೆ, ಕೈ ಆಡಿಸದೆ, ಒಂದು ನಿಮಿಷ ಆ ಕಲ್ಲು ಕಣ್ಣ ಮುಂದಿನಿಂದ ಸರಿಯದ ಹಾಗೆ ನಿಲ್ಲಿ. ಆಮೇಲೆ ಕ್ಯಾಮೆರಾ ಹಿಡಿದು ಅದನ್ನೇ ಮಾಡಿ. ಕಾಲು ಮೇಲೆ ಕೆಳಗೆ ಬಡಿಯಬೇಡಿ. ಮೊಣಕಾಲು ಮಡಿಸಿ, ಪಾದ ಹೊರಕ್ಕೆ ತಿರುಗಿಸಿ, ಕಪ್ಪೆಯ ಹಾಗೆ ಹಿಂದಕ್ಕೆ ತಳ್ಳಿ. ಆಗ ಮರಳು ಏಳುವುದಿಲ್ಲ. ಎದ್ದ ಮರಳು ಹವಳದ ಮೇಲೆ ಕೂತರೆ ಅದಕ್ಕೆ ಉಸಿರುಕಟ್ಟಿದ ಹಾಗೆ.

ಕೈ ಅಲುಗದಿರಲಿ ಎಂದು ನೀರಿನಲ್ಲಿ ಉಸಿರು ಕಟ್ಟಬೇಡಿ, ಯಾವತ್ತೂ. ಹಾಗೆ ಒಂದೆರಡು ಮೀಟರ್ ಮೇಲೆ ಬಂದರೂ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಉಸಿರು ಬಿಟ್ಟು ಮುಗಿಯುವ ಗಳಿಗೆಯಲ್ಲಿ ಕ್ಲಿಕ್ ಮಾಡಿ. ಆಗ ಮೈ ತಾನಾಗಿಯೇ ಸ್ತಬ್ಧವಾಗಿರುತ್ತದೆ.

3. ಹತ್ತಿರ ಹೋಗುವುದು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಸುಮಾರು 5 ಮೀಟರಿಗೇ ಅದು ಮಂಕಾಗುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಫ್ಲ್ಯಾಶ್ ಬೆಳಕೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ಮೀನು 2 ಮೀಟರ್ ದೂರವಿದ್ದರೆ ಬೆಳಕು ಹೋಗಿ ಬರಲು 4 ಮೀಟರ್ ನೀರು ದಾಟಬೇಕು. ಜೂಮ್ ಮಾಡಿದರೆ ನಡುವಿನ ನೀರೇನೂ ಕಡಿಮೆಯಾಗುವುದಿಲ್ಲ ಅಲ್ವಾ? ಅದಕ್ಕೇ ಒಂದು ಮೀಟರಿನೊಳಗೆ ಹೋಗಬೇಕು.

ಆದರೆ ಅಟ್ಟಿಸಿಕೊಂಡು ಹೋದರೆ ಬಾಲದ ಚಿತ್ರವೇ ಸಿಗುವುದು. ಬ್ಲೆನಿ ಎಂಬ ಬೆರಳುದ್ದದ ಮೀನು ಹವಳದ ತೂತಿನಲ್ಲಿರುತ್ತದೆ. ನಿಮ್ಮನ್ನು ಕಂಡು ಒಳಗೆ ಸರಿಯುತ್ತದೆ. ಅಲ್ಲೇ ನಿಂತು ಸಣ್ಣಗೆ ಉಸಿರಾಡುತ್ತಿರಿ. ಒಂದೆರಡು ನಿಮಿಷದಲ್ಲಿ ಮೊದಲು ಕಣ್ಣು, ಆಮೇಲೆ ತುಟಿ, ಆಮೇಲೆ ಇಡೀ ತಲೆ ಹೊರಗೆ ಬರುತ್ತದೆ. ಫೋಕಸ್ ಕಣ್ಣಿನ ಮೇಲಿರಲಿ. ಮೇಲಿನಿಂದ ತೆಗೆಯಬೇಡಿ, ಅದರ ಮಟ್ಟಕ್ಕೇ ಇಳಿಯಿರಿ. ಇಳಿಯಲು ಜಾಗವಿಲ್ಲವೆಂದರೆ ಆ ಚಿತ್ರ ಬಿಟ್ಟುಬಿಡಿ. ಹವಳ ಹಿಡಿದು ಆಧಾರ ತೆಗೆದುಕೊಳ್ಳುವುದು ತಪ್ಪು. ಕೈಗವಸು ಹಾಕಿದವರಿಗೆ ಹಿಡಿಯುವ ಧೈರ್ಯ ಬರುತ್ತದೆ, ಅದಕ್ಕೇ ನಾನು ಹಾಕುವುದಿಲ್ಲ.

4. ಬೆಳಕು. ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇದ್ದರೆ ನೀರಿನ ಕಣಗಳೆಲ್ಲ ಹೊಳೆದು, ಹಿಟ್ಟು ಚೆಲ್ಲಿದ ಹಾಗೆ ಚಿತ್ರದ ತುಂಬ ಬಿಳಿ ಚುಕ್ಕೆ ಬೀಳುತ್ತದೆ. ಉದ್ದ ತೋಳಿಗೆ ಸಿಕ್ಕಿಸಿ, ಅಗಲಕ್ಕೆ ಚಾಚಿ, ಸ್ವಲ್ಪ ಹೊರಮುಖವಾಗಿ ತಿರುಗಿಸಿ. ಬೆಳಕಿನ ಅಂಚು ಮಾತ್ರ ಮೀನಿಗೆ ತಾಗಲಿ. ಶುರುವಿಗೆ ಶಟರ್ 1/125, ಅಪರ್ಚರ್ ಎಫ್ 8, ಐಎಸ್ಒ 200. ಫ್ಲ್ಯಾಶ್ ಇಲ್ಲದವರು ರಾ ಫೈಲಿನಲ್ಲಿ (ಆಮೇಲೆ ಬಣ್ಣ ತಿದ್ದಲು ಅನುಕೂಲವಾದ ಕಚ್ಚಾ ಕಡತ) ತೆಗೆದು, ಆಳ ಬದಲಾದ ಹಾಗೆಲ್ಲ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬಣ್ಣದ ಹದ, ಹೊಂದಿಸಿಕೊಳ್ಳಲಿ. ನೀರು ನುಂಗಿದ ಕೆಂಪನ್ನು ಸರಿದೂಗಿಸಲು ಲೆನ್ಸಿಗೆ ಹಾಕುವ ಕೆಂಪು ಫಿಲ್ಟರನ್ನು ಫ್ಲ್ಯಾಶ್ ಜೊತೆ ಬಳಸಿದರೆ ಚಿತ್ರವೆಲ್ಲ ಕೆಂಪಾಗುತ್ತದೆ.

5. ಮೇಲೆ ಬರುವುದು. ನಾಲ್ಕೈದು ಕ್ಲಿಕ್ಕಿಗೊಮ್ಮೆ ಗಾಳಿಯ ಮಾಪಕ ನೋಡಿ, ಜೊತೆಗಾರರನ್ನೂ ನೋಡಿ. ಕೊನೆಯ 50 ಬಾರ್ ಫೋಟೊಗಲ್ಲ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬೇಡಿ. 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಿ. ಅಷ್ಟು ಹೊತ್ತು ಕ್ಯಾಮೆರಾ ಕ್ಲಿಪ್ಪಿನಲ್ಲಿ ತೂಗಾಡುತ್ತಿರಲಿ, ಕೈ ಎರಡೂ ಖಾಲಿ ಇರಲಿ.

ದಡಕ್ಕೆ ಬಂದ ಮೇಲೆ ಹೌಸಿಂಗನ್ನು ಅರ್ಧ ಗಂಟೆ ಸಿಹಿನೀರಿನಲ್ಲಿ ಮುಳುಗಿಸಿಟ್ಟು, ನೀರಿನೊಳಗೇ ಎಲ್ಲ ಗುಂಡಿಗಳನ್ನೂ ಒತ್ತಿ. ಚಿತ್ರ ನೋಡುವ ಆಸೆಗೆ ಒದ್ದೆ ತಲೆಯಲ್ಲೇ ಬಾಗಿ ತೆರೆಯಬೇಡಿ. ಕೂದಲು ಒರೆಸಿ, ಕೈ ಒಣಗಿಸಿ, ಅಂಚಿನ ನೀರನ್ನು ಬಟ್ಟೆಯಿಂದ ತೆಗೆದು, ಆಮೇಲೆ ಚಿಲಕ ಬಿಚ್ಚಿ.