ಎ4988 ಸ್ಟೆಪ್ಪರ್ ಡ್ರೈವರ್: ಮೊದಲು ಕರೆಂಟ್, ಆಮೇಲೆ ಮೋಡ್

ಎ4988 ಅಂದರೆ ಸ್ಟೆಪ್ಪರ್ ಮೋಟರನ್ನು (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ನಡೆಸುವ ಚಿಪ್; ಅದು ಪುಟ್ಟ ಡ್ರೈವರ್ ಬೋರ್ಡ್ ಮೇಲೆ ಇರುತ್ತೆ. ಮೋಟರ್ ಗುರ್ ಅನ್ನುತ್ತೆ, ಆದರೆ ತಿರುಗಲ್ಲ ಅಂದರೆ ಕೋಡ್ ತಿದ್ದುವ ಮೊದಲು ವೈರ್ ಜೋಡಿ ನೋಡಿ. ಪವರ್ ತೆಗೆದು, ಮೋಟರ್ ವೈರ್‌ಗಳನ್ನು ಡ್ರೈವರ್‌ನಿಂದ ಬಿಡಿಸಿ, ಎರಡೆರಡನ್ನು ಒಟ್ಟಿಗೆ ತಾಗಿಸಿ ಶಾಫ್ಟ್ ತಿರುಗಿಸಿ. ಬಿಗಿಯಾದರೆ ಅವೆರಡೂ ಒಂದೇ ಕಾಯಿಲ್‌ನವು.

ಮುಂದೆ ಕರೆಂಟ್ ಮಿತಿ. ಬೋರ್ಡ್ ಮೇಲಿನ ಪುಟ್ಟ ಕಪ್ಪು ರೆಸಿಸ್ಟರ್ ಮೇಲೆ ಆರ್100 ಎಂದಿದ್ದರೆ ಅದು 0.1 ಓಮ್. ವಿರೆಫ್ (ಕರೆಂಟ್ ಮಿತಿಗಾಗಿ ಬೋರ್ಡ್‌ನ ಪುಟ್ಟ ತಿರುಪಿನಿಂದ ಹೊಂದಿಸುವ ವೋಲ್ಟೇಜ್) = 8 × ಕರೆಂಟ್ × ಆ ರೆಸಿಸ್ಟರ್. 1 ಆಂಪಿಯರ್‌ಗೆ 0.8 ವೋಲ್ಟ್, ಆರ್050 ಇದ್ದರೆ 0.4 ಸಾಕು. ಬೇರೆಯವರ ಅಂಕಿ ಹಾಗೇ ಹಾಕಿದರೆ ಕರೆಂಟ್ ದುಪ್ಪಟ್ಟಾಗಬಹುದು, ದಯವಿಟ್ಟು ಬೋರ್ಡ್ ನೋಡಿಯೇ ಲೆಕ್ಕ ಹಾಕಿ.

ಇನ್ನು ಮೋಡ್, ಅಂದರೆ ಒಂದು ಪಲ್ಸ್‌ಗೆ ಮೋಟರ್ ಎಷ್ಟು ತಿರುಗಬೇಕು ಅನ್ನೋದು. ಅದನ್ನು ಆರಿಸುವ ಎಂಎಸ್ ಪಿನ್ ಮೂರೂ ಖಾಲಿ ಬಿಟ್ಟರೆ ಫುಲ್ ಸ್ಟೆಪ್: 1.8 ಡಿಗ್ರಿ ಮೋಟರ್‌ಗೆ ಸುತ್ತಿಗೆ 200 ಪಲ್ಸ್. ಎಂಎಸ್1 ಮಾತ್ರ ಹೈ (ಲಾಜಿಕ್ ವೋಲ್ಟೇಜ್‌ಗೆ ಜೋಡಿಸಿದ್ದು) ಆದರೆ ಹಾಫ್ ಸ್ಟೆಪ್, ಮೂರೂ ಹೈ ಆದರೆ 1/16, ಅಂದರೆ 3200 ಪಲ್ಸ್. ಓಟ ನುಣುಪಾಗುತ್ತೆ, ಸದ್ದು ತಗ್ಗುತ್ತೆ. ನಿಖರತೆ ಮಾತ್ರ 16 ಪಟ್ಟು ಏರಲ್ಲ. ಒಂದೊಂದು ಮೈಕ್ರೋಸ್ಟೆಪ್‌ನ (ಹೀಗೆ ಒಡೆದ ಸಣ್ಣ ಹೆಜ್ಜೆಯ) ಬಲ ಬಹಳ ಕಡಿಮೆ, ಘರ್ಷಣೆಯೇ ಅದನ್ನು ನುಂಗಿಬಿಡುತ್ತೆ.

ಮೋಟರ್ ಸಪ್ಲೈಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಡ್ರೈವರ್ ಪಕ್ಕದಲ್ಲೇ ಇರಲಿ. ಪವರ್ ಇದ್ದಾಗ ಮೋಟರ್ ವೈರ್ ಕೀಳಬೇಡಿ, ಚಿಪ್ ಸುಟ್ಟುಹೋಗಬಹುದು.